ಗೋಡೆ ಪಕ್ಕದ ರಾಶಿ

ಪೆಟ್ಟಿಗೆ ಇನ್ನೂ ಎರಡನೇ ಮಹಡಿಯ ತಿರುವಿನಲ್ಲಿದ್ದಾಗಲೇ ಭಾವಮೈದ ಹೊಡೆದ. ಎಡಗೈಯಲ್ಲಿ ಅಕ್ಕನ ಶವಪೆಟ್ಟಿಗೆಯ ಹಿಡಿ, ಬಲಗೈ ಭಾವನ ಕಪಾಳದ ಮೇಲೆ. ಹಳೇ ಕಟ್ಟಡಗಳನ್ನು ಸುತ್ತಿಗೆಯಿಂದ ಕೆಡವುವುದೇ ಕಸುಬಾದವನ ಕೈ ಅದು, ಹದಿನೈದು ವರ್ಷ ಗೋಡೆಗಳ ಮೇಲೆ ಪಳಗಿದ್ದು. ಔಷಧಿ ಕಂಪನಿಯಲ್ಲಿ ಸ್ಟೋರ್ ಕೀಪರನಾಗಿದ್ದ ಭಾವನ ತಲೆ ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಬಡಿಯಿತು. ಅವನ ಹೆಗಲ ಮೇಲಿದ್ದ ಮೂಲೆ ಜಾರಿತು. ಒಳಗಿದ್ದವಳು ಒಂದು ಕಡೆಗೆ ಸರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಪೆಟ್ಟಿಗೆ! ಪೆಟ್ಟಿಗೆ ಹಿಡ್ಕೊಳ್ರೋ!" ಎಂದು ಕೆಳಮನೆಯ ಪ್ಲಂಬರ್ ಕೂಗಿಕೊಂಡ. "ಸಾಯೋವರೆಗೂ ನೆಮ್ಮದಿ ಇರ್ಲಿಲ್ಲ ಅವಳಿಗೆ, ಈಗ್ಲೂ ಬೀಳಿಸ್ತೀರಾ?"

"ಬೀಗದ ಕೈ ಇವನ ಜೇಬಲ್ಲಿತ್ತು!" ಭಾವಮೈದನ ಗಂಟಲು ಕಿತ್ತುಬರುತ್ತಿತ್ತು. "ಗೋಡೌನ್ ತುಂಬಾ ಮಾತ್ರೆ. ನಮ್ಮಕ್ಕನ ಮಾತ್ರೆ. ಒಂದು ಡಬ್ಬಿ ತಾ ಭಾವ ಅಂತ ಕಾಲಿಗೆ ಬಿದ್ದಿದ್ದೆ. ಏನಂದ ಗೊತ್ತಾ? ಲೆಕ್ಕ ತಪ್ಪುತ್ತೆ ಅಂದ. ಲೆಕ್ಕ!"

ಎರಡನೇ ಏಟು ಮೂಗಿಗೆ ಬಿತ್ತು. ಸ್ಟೋರ್ ಕೀಪರ್ ಕೈ ಅಡ್ಡ ಹಿಡಿಯಲಿಲ್ಲ. ಹಿಡಿಯಬೇಕೆಂದರೆ ಪೆಟ್ಟಿಗೆ ಬಿಡಬೇಕಿತ್ತು, ಅದೊಂದು ಕಾರಣ. ಇನ್ನೊಂದು ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೂಗಿನಿಂದ ಬಂದ ರಕ್ತ ತುಟಿಗಿಳಿದಾಗ ಅವನಿಗೆ ಒಂದು ಬಗೆಯ ಹಾಯೆನಿಸಿತು. ಹೇಡಿ ಅನ್ನಿಸಿಕೊಂಡು ಏಟು ತಿನ್ನುವುದು ಅವನ ಮಟ್ಟಿಗೆ ಅಗ್ಗದ ವ್ಯಾಪಾರವಾಗಿತ್ತು.

"ಹೊಡಿ," ಅಂದ ಮೆಲ್ಲಗೆ. "ಕೆಳಗಿಳಿಸಿ ಆಮೇಲೆ ಹೊಡಿ."

ಪ್ಲಂಬರ್ ಇಬ್ಬರ ನಡುವೆ ತನ್ನ ದೊಡ್ಡ ಹೊಟ್ಟೆಯನ್ನು ತೂರಿಸಿದ. ಹಾಗೂ ಹೀಗೂ ಪೆಟ್ಟಿಗೆ ರಸ್ತೆಗೆ ಬಂತು. ಎದುರು ಫುಟ್‌ಪಾತಿನಲ್ಲಿ ಶಾಲೆಗೆ ಹೊರಟ ಮಕ್ಕಳು ನಿಂತು ನೋಡಿದವು. ಅವುಗಳ ಮೈಮೇಲಿದ್ದ ನೀಲಿ ಅಂಗಿಗಳಲ್ಲಿ ಅರ್ಧಕ್ಕರ್ಧ ಈ ಪೆಟ್ಟಿಗೆಯೊಳಗಿದ್ದವಳು ಹೊಲಿದವು.

*

ಅವಳು ಯೂನಿಫಾರಂ ಹೊಲಿಯುವವಳು. ಮೂರು ಮೆಷಿನು, ಒಂದು ಇಸ್ತ್ರಿ ಮೇಜು, ಬಾಯಿ ತುಂಬ ಗುಂಡುಪಿನ್ನು. ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗಳನ್ನು ಬೈಯುವ ಕಲೆ ಅವಳಿಗೆ ಸಿದ್ಧಿಸಿತ್ತು. ಪ್ರತಿ ಲಂಗಕ್ಕೂ ಪ್ಯಾಂಟಿಗೂ ಒಳಗೆ ಮೂರು ಬೆರಳು ಬಟ್ಟೆ ಮಡಚಿ ಬಿಡುವುದು ಅವಳ ಹಟ. ಮುಂದಿನ ವರ್ಷ ಬಿಚ್ಚಿ ಇಳಿಸಿದರೆ ಅದೇ ಬಟ್ಟೆ ಇನ್ನೊಂದು ವರ್ಷ ಬರಬೇಕು. "ಹಿಂಗೆ ಬಿಟ್ರೆ ನಿನಗೇ ನಷ್ಟ ಕಣೆ, ಹೊಸದು ಹೊಲಿಸೋರು ಯಾರು?" ಎಂದು ಯಾರಾದರೂ ಕೇಳಿದರೆ, "ಮಕ್ಕಳು ಬೆಳೆಯೋದು ನನ್ನ ವ್ಯಾಪಾರ ನೋಡ್ಕೊಂಡಲ್ಲ" ಅನ್ನುತ್ತಿದ್ದಳು. ಇಷ್ಟೇ ಅವಳ ಬಾಳು. ದೊಡ್ಡದೇನೂ ಮಾಡಲಿಲ್ಲ, ಯಾರಿಗೂ ಸಣ್ಣ ಬಟ್ಟೆ ಹೊಲಿದು ಕೊಡಲಿಲ್ಲ.

ಎದೆಯ ಗಂಟು ಕಂಕುಳಿಗೆ ಇಳಿದ ಮೇಲೆ ಡಾಕ್ಟರು ಒಂದು ಮಾತ್ರೆ ಬರೆದರು. ದಿನಕ್ಕೊಂದು, ಗುಲಾಬಿ ಬಣ್ಣದ್ದು. ಒಂದು ತಿಂಗಳ ಮಾತ್ರೆಗೆ ಗಂಡನ ಎರಡು ತಿಂಗಳ ಸಂಬಳ. ಎರಡು ಮೆಷಿನು ಮಾರಿದರು, ಕೈಯಲ್ಲಿದ್ದ ಬಳೆ ಮಾರಿದರು, ಐದು ತಿಂಗಳು ನುಂಗಿದಳು. ಗಂಟು ಕರಗುತ್ತ ಬಂತು. ಮಾರುವುದಕ್ಕೆ ಇನ್ನೇನೂ ಉಳಿಯದಾಗ ಮಾತ್ರೆ ನಿಂತಿತು.

ವಿಚಿತ್ರವೆಂದರೆ ಅದೇ ಮಾತ್ರೆ ಆ ಹೊತ್ತಿಗೆ ಗಂಡನ ಗೋಡೌನಿನಲ್ಲಿ ಚಾವಣಿಯವರೆಗೆ ಪೇರಿಸಿತ್ತು. ಅವನ ಕಂಪನಿ ದೊಡ್ಡ ಕಂಪನಿಗಳ ಔಷಧಿಯನ್ನೇ ಪೇಟೆಂಟು ಮುಗಿದ ಮೇಲೆ ಅಗ್ಗಕ್ಕೆ ಮಾಡಿ ಮಾರುವಂಥದ್ದು. ಇನ್ನು ಮೂರು ತಿಂಗಳಿಗೆ ಈ ಮಾತ್ರೆಯ ಪೇಟೆಂಟು ಮುಗಿಯುವುದಿತ್ತು. ಮಾಡಿಟ್ಟುಕೊಳ್ಳಬಹುದು, ಆ ದಿನದವರೆಗೆ ಒಂದೂ ಹೊರಗೆ ಹೋಗುವಂತಿಲ್ಲ ಎಂದು ಎರಡೂ ಕಂಪನಿಗಳ ವಕೀಲರು ಒಪ್ಪಂದ ಮಾಡಿಕೊಂಡಿದ್ದರು.

ಅವಳು ಕೊನೆಯ ಮೆಷಿನಿನ ಮುಂದೆ ಕೂತು ಇದೆಲ್ಲ ಕೇಳಿಸಿಕೊಂಡು ಗುಂಡುಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟಳು.

"ಅಂದ್ರೆ ಮಾತ್ರೆ ರೆಡಿ ಇದೆ."

"ಹೂಂ."

"ಡಬ್ಬಿಲಿದೆ. ಬೀಗದ ಕೈ ನಿಮ್ಮ ಹತ್ರಾನೇ ಇದೆ."

"ಹೂಂ."

"ಮತ್ತೆ ಯಾರಿಗೆ ಕಾಯ್ತಿದೀವಿ?"

"ತಾರೀಕಿಗೆ," ಅಂದ ಅವನು. "ಇಪ್ಪತ್ತು ವರ್ಷ ಆ ಔಷಧಿ ಕಂಡುಹಿಡಿದವರದ್ದೇ. ಬೇರೆ ಯಾರೂ ಮಾರಂಗಿಲ್ಲ, ಅವರು ಹೇಳಿದ್ದೇ ರೇಟು. ಅದು ಮುಗಿದ ದಿನ ನಮ್ಮ ಲಾರಿ ಹೊರಡುತ್ತೆ. ಮೊದಲು ಅರ್ಜಿ ಹಾಕಿರೋದು ನಮ್ಮೋರೇ, ಹಂಗಾಗಿ ಆರು ತಿಂಗಳು ನಮಗೂ ಪೈಪೋಟಿ ಇಲ್ಲ. ಆಮೇಲೆ ಹತ್ತಾರು ಕಂಪನಿ ನುಗ್ತಾವೆ, ರೇಟು ಪಾತಾಳಕ್ಕೆ ಇಳಿಯುತ್ತೆ. ಚಾಕೊಲೇಟ್ ತರ ತಿನ್ನಬಹುದು ನೀನು."

"ಅಷ್ಟೊತ್ತಿಗೆ ನಾನಿದ್ರೆ," ಅಂದಳು. ಅಳಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು.

ಮರುವಾರವೇ ಇನ್ನೊಂದು ಸುದ್ದಿ ಬಂತು. ಮಾತ್ರೆಯ ಪೇಟೆಂಟು ಮುಗಿದರೂ ಅದರ ಮೇಲಿನ ಲೇಪಕ್ಕೆ ಬೇರೆಯೇ ಪೇಟೆಂಟು ಇದೆಯೆಂದು ದೊಡ್ಡ ಕಂಪನಿ ಕೋರ್ಟಿಗೆ ಹೋಗಿತ್ತು. ಕೋರ್ಟು ತಡೆ ಕೊಟ್ಟಿತ್ತು. ಮೂರು ತಿಂಗಳು ಹೋಗಿ ಹದಿನೆಂಟು ತಿಂಗಳಾಯಿತು. ಅವಳು ನಕ್ಕೇಬಿಟ್ಟಳು. "ಹಳೇ ಪ್ಯಾಂಟಿಗೆ ಹೊಸ ಗುಂಡಿ ಹಚ್ಚಿ, ಪ್ಯಾಂಟೇ ಹೊಸದು ಅಂತಾರಲ್ರೀ. ನಾನೇನಾದ್ರೂ ಹಂಗೆ ಮಾಡಿದ್ರೆ ಓಣಿ ಜನ ಮೆಷಿನ್ ಎತ್ಕೊಂಡು ನನ್ನ ತಲೆ ಮೇಲೆ ಹಾಕೋರು."

ಆ ವಾರ ಭಾವಮೈದ ಬಂದು ಕಾಲಿಗೆ ಬಿದ್ದ. ಆಗುವುದಿಲ್ಲ ಎಂದು ಸ್ಟೋರ್ ಕೀಪರ್ ಮನೆ ಹಾರಿಹೋಗುವಂತೆ ಕೂಗಾಡಿದ. ಭಾವಮೈದನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಾಳೆ ಊರಿಗೆಲ್ಲ ಡಂಗುರವಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಭಾವಮೈದ ಬಾಗಿಲು ಬಡಿದು ಹೋದ ಮೇಲೆ ಹೆಂಡತಿಯ ಪಕ್ಕ ಕೂತು ಜೇಬಿನಿಂದ ನಾಲ್ಕು ಸ್ಟ್ರಿಪ್ ತೆಗೆದಿಟ್ಟ. ಆಗಲೇ ಕದ್ದಾಗಿತ್ತು.

*

ವಿದ್ಯುತ್ ಚಿತಾಗಾರದ ಮುಂದೆ ಸಿಮೆಂಟಿನ ಅಂಗಳ, ಎರಡು ಬೆಂಚು, ಒಂದು ನಲ್ಲಿ. ಒಳಗಿನ ಕುಲುಮೆ ಒಂದೇ, ಸರದಿಯಲ್ಲಿ ಇವರದು ನಾಲ್ಕನೆಯದು. ಸ್ಟೋರ್ ಕೀಪರ್ ನಲ್ಲಿಯಲ್ಲಿ ಮೂಗು ತೊಳೆಯುತ್ತಿದ್ದಾಗ ಕಂಪನಿಯ ಕಡೆಯಿಂದ ಪ್ಯಾಕಿಂಗ್ ಆಪರೇಟರ್ ಬಂದ. ಕೈಯಲ್ಲಿ ಕಂಪನಿಯ ಹೆಸರು ಬರೆದ ಪಟ್ಟಿ ಸುತ್ತಿದ ದೊಡ್ಡ ಹೂವಿನ ಚಕ್ರ.

ಅದು ಪೆಟ್ಟಿಗೆಯವರೆಗೆ ತಲುಪಲಿಲ್ಲ. ಭಾವಮೈದ ಅದನ್ನು ಕಿತ್ತುಕೊಂಡು ನೆಲಕ್ಕೆ ಬಡಿದ. ತಂತಿ ಮುರಿಯಿತು. ಬೂಟುಗಾಲಿನಿಂದ ತುಳಿದ, ಮತ್ತೆ ತುಳಿದ. ಆಪರೇಟರನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ.

"ಹೂವು ಕಳಿಸ್ತಾರಾ ನಿಮ್ಮೋರು? ಮಾತ್ರೆ ಕಳಿಸೋಕಾಗ್ಲಿಲ್ಲ, ಹೂವು ಕಳಿಸ್ತಾರಾ?"

"ಅಣ್ಣ, ಬಿಡಣ್ಣ, ನಾನು ಮೆಷಿನ್ ಓಡಿಸೋನು ಅಷ್ಟೇ..."

"ಎಷ್ಟು ಮಾತ್ರೆ ಮಾಡ್ದೆ? ಹೇಳೋ. ಎಷ್ಟು ಲಕ್ಷ ಮಾಡಿ ಕತ್ತಲಲ್ಲಿ ಇಟ್ಟೆ?"

ಪ್ಲಂಬರ್ ಓಡಿಬಂದು ಬಿಡಿಸಿದ. ಆಪರೇಟರ್ ಹರಿದ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ ಸ್ಟೋರ್ ಕೀಪರನ ಕಡೆ ನೋಡಿದ. ಇಷ್ಟಾದರೂ ಅವನ ಕಣ್ಣಲ್ಲಿ ಕನಿಕರವಿತ್ತು. ಸ್ಟೋರ್ ಕೀಪರ್ ಮುಖ ತಿರುಗಿಸಿದ. ಆ ಆಪರೇಟರನ ಮುಖವನ್ನು ಅವನು ನೇರವಾಗಿ ನೋಡಿರಲಿಲ್ಲ, ಇಪ್ಪತ್ತೆರಡು ದಿನದಿಂದ.

*

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಸ್ಟೋರ್ ಕೀಪರ್ ಒಂದು ಡಬ್ಬಿ ಹೆಚ್ಚುಕಮ್ಮಿ ಮಾಡಿದವನಲ್ಲ. ಆದ್ದರಿಂದಲೇ ಕದಿಯುವಾಗಲೂ ಅವನು ಸ್ಟೋರ್ ಕೀಪರನ ಬುದ್ಧಿಯಿಂದಲೇ ಕದ್ದ. ನಡುವಿನ ಸಾಲುಗಳನ್ನು ವಾರಕ್ಕೊಮ್ಮೆ ಎಣಿಸುತ್ತಾರೆ, ಒಂದು ಡಬ್ಬಿ ಹೋದರೂ ಗೊತ್ತಾಗುತ್ತದೆ. ಆದರೆ ಹಿಂದಿನ ಗೋಡೆ ಪಕ್ಕ ಒಂದು ಸಣ್ಣ ರಾಶಿ ಇತ್ತು. ಅವನು ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿದ್ದ ವಾರ ಬಂದು ಕೂತದ್ದು. ಚೀಟಿ ಇರಲಿಲ್ಲ, ಪಟ್ಟಿಯಲ್ಲಿ ಇರಲಿಲ್ಲ, ಎಣಿಸುವವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆರ್ಡರಿಗಿಂತ ನಾಲ್ಕು ಡಬ್ಬಿ ಹೆಚ್ಚು ತಯಾರಾಗುವುದು ಇದ್ದದ್ದೇ. ಹೆಚ್ಚುವರಿ ಮಾಲು, ಯಾರೂ ಲೆಕ್ಕಕ್ಕೆ ತಂದಿಲ್ಲ ಎಂದುಕೊಂಡ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ನಾಲ್ಕು ತಿಂಗಳು ತಂದ. ಬೆಳಿಗ್ಗೆ ಏಳಕ್ಕೆ ಬಿಸಿನೀರಿನಲ್ಲಿ ಅವಳು ನುಂಗುತ್ತಿದ್ದಳು. ಮೊದಲ ತಿಂಗಳು ಮುಖದಲ್ಲಿ ಕಳೆ ಬಂತು, ಎರಡು ಲಂಗ ಹೊಲಿದಳು ಕೂಡ. "ಸ್ವಲ್ಪ ಜಾಸ್ತಿ ತನ್ರೀ, ಕೈ ನಡುಗಿ ಬೀಳ್ತವೆ" ಅಂದಳು. ಜಾಸ್ತಿ ತಂದ. ಮೂರನೆಯ ತಿಂಗಳು ಬೆನ್ನಿನ ನೋವಿಗೆ ಮಂಚದ ಪಟ್ಟಿ ಕಚ್ಚಿ ಹಲ್ಲಿನ ಗುರುತು ಮೂಡಿಸಿದಳು.

ಒಂದು ಮಧ್ಯಾಹ್ನ ಪ್ಯಾಕಿಂಗ್ ಆಪರೇಟರ್ ಕೈಗಾಡಿ ತಳ್ಳಿಕೊಂಡು ಗೋಡೌನಿಗೆ ಬಂದ.

"ಸಾರ್, ಗೋಡೆ ಪಕ್ಕದ್ದು ತಗೊಂಡು ಹೋಗ್ತೀನಿ. ಸುಡೋಕೆ ಹೇಳಿದಾರೆ. ತಪಾಸಣೆಯೋರು ಬರ್ತಾರಂತೆ."

"ಸುಡೋಕಾ? ಯಾಕೆ? ಒಳ್ಳೇ ಮಾಲು."

ಆಪರೇಟರ್ ನಕ್ಕ. "ಎಲ್ಲಿ ಮಾಲು ಸಾರ್? ಡಮ್ಮಿ ಅದು. ಹೊಸ ಮೆಷಿನ್ ಟ್ರಯಲ್ ನೋಡೋಕೆ ಮಾಡಿದ್ದು. ಅದೇ ಬಣ್ಣ, ಅದೇ ಅಚ್ಚು, ಒಳಗೆ ಔಷಧಿ ಇಲ್ಲ. ಅಸಲಿ ಮಾತ್ರೆ ಹಾಕಿ ಮೆಷಿನ್ ಟ್ರಯಲ್ ಮಾಡಿದ್ರೆ ಕಂಪನಿ ದಿವಾಳಿ ಎದ್ದು ಹೋಗುತ್ತೆ." ಒಂದು ಮಾತ್ರೆ ಒತ್ತಿ ತೆಗೆದು ಬೂಟಿನಡಿ ಪುಡಿ ಮಾಡಿ ತೋರಿಸಿದ. "ನೋಡಿ, ಬೆಳ್ಳಗಿದೆ. ಅಸಲಿದು ಒಳಗೆ ಹಳದಿ. ಬರೀ ಸುಣ್ಣ ಸಾರ್ ಇದು. ಅದಕ್ಕೇ ಯಾರೂ ಎಣಿಸಲ್ಲ."

ಸ್ಟೋರ್ ಕೀಪರ್ ಅಂದೇ ನಡುವಿನ ಸಾಲಿಗೆ ಓಡಿದ. ಕೋರ್ಟಿನ ತಡೆ ಬಂದ ಮೇಲೆ ಅದಕ್ಕೆ ಕಬ್ಬಿಣದ ಜಾಲರಿ, ಬೇರೆ ಬೀಗ, ಅರಗಿನ ಮುದ್ರೆ. ಬೆರಳು ತೂರಿಸಿ ಎಳೆದ, ಎರಡು ಉಗುರು ಕಿತ್ತುಬಂದವು. ಬೀಗ ಮಾತ್ರ ಅಲುಗಲಿಲ್ಲ. ಮನೆಗೆ ಬಂದಾಗ ಡಾಕ್ಟರ ಚೀಟಿ ಮೇಜಿನ ಮೇಲಿತ್ತು, ಲಿವರಿಗೂ ಹರಡಿದೆ ಎಂದು. ಮರುದಿನ ಏಳು ಗಂಟೆಗೆ ಅವಳು ಕೈಚಾಚಿದಳು. ಕೊಡದಿದ್ದರೆ ಯಾಕೆಂದು ಹೇಳಬೇಕಿತ್ತು. ಅವನು ಕೊಟ್ಟ. ಮನೆಯಲ್ಲಿ ಉಳಿದಿದ್ದ ಸುಣ್ಣವನ್ನು ಇಪ್ಪತ್ತೆರಡು ಬೆಳಿಗ್ಗೆ ತನ್ನ ಕೈಯಾರೆ ಕೊಟ್ಟ, ಅವಳು ಇಪ್ಪತ್ತೆರಡು ಸಲ "ನೀವಿಲ್ದೇ ಇದ್ರೆ ನಾನು ಎಂದೋ ಹೋಗಿರ್ತಿದ್ದೆ" ಅನ್ನುವ ಕಣ್ಣಿನಿಂದ ಅವನನ್ನು ನೋಡಿ ನುಂಗಿದಳು.

*

ಪೆಟ್ಟಿಗೆ ಒಳಗೆ ಹೋಗಿ ಕಬ್ಬಿಣದ ಬಾಗಿಲು ಮುಚ್ಚಿತು. ಇನ್ನು ಕಾಯುವುದಷ್ಟೇ. ಸ್ಟೋರ್ ಕೀಪರ್ ಬೆಂಚಿನ ತುದಿಯಲ್ಲಿ ಕೂತಿದ್ದಾಗ ಖಾಕಿ ಅಂಗಿಯ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ತಲೆಯಲ್ಲಿ ಒಂದು ಅಂಗುಲ ಕೂದಲು, ಕತ್ತಿಗೆ ಸ್ಕಾರ್ಫು. ಅವನಿಗೆ ಗುರುತು ಸಿಕ್ಕಿತು. ಬಸ್ ಕಂಡಕ್ಟರ್. ಆಸ್ಪತ್ರೆಯಲ್ಲಿ ಹೆಂಡತಿಯ ಪಕ್ಕದ ಕುರ್ಚಿಯವಳು, ಅದೇ ಕಾಯಿಲೆಯವಳು. ಕಿಟಕಿ ಪಕ್ಕದ ಜಾಗಕ್ಕೆ ಇಬ್ಬರೂ ಜಗಳವಾಡಿ ಗೆಳತಿಯರಾಗಿದ್ದರು.

"ಸಾರ್, ಇವತ್ತು ಕೇಳೋ ದಿನ ಅಲ್ಲ, ನನಗೂ ಗೊತ್ತು," ಅಂದಳು ತಗ್ಗಿದ ದನಿಯಲ್ಲಿ. "ಆದ್ರೆ ನನ್ನ ಹತ್ರ ಎರಡೇ ಸ್ಟ್ರಿಪ್ ಉಳಿದಿದೆ."

"ಯಾವ ಸ್ಟ್ರಿಪ್?"

"ಅವ್ರು ನಿಮಗೆ ಹೇಳಿರಲಿಲ್ವಾ?" ಅವಳು ಕಣ್ಣೊರೆಸಿಕೊಂಡಳು. "ಟೈಲರಮ್ಮ ಮೂರು ತಿಂಗಳಿಂದ ತನ್ನದರಲ್ಲಿ ಅರ್ಧ ನನಗೆ ಕೊಡ್ತಿದ್ರು. ಬೀಳ್ತವೆ ಅಂತ ಸುಳ್ಳು ಹೇಳಿ ಜಾಸ್ತಿ ತರಿಸ್ತಿದೀನಿ, ಪಾಪ ನಂಬಿಬಿಟ್ಟಿದಾರೆ ಅಂತ ನಗೋರು. ನಾನು ಆಸ್ಪತ್ರೆಯ ಕೀಮೋ ಡ್ರಿಪ್ ಬಿಟ್ಬಿಟ್ಟೆ ಸಾರ್. ರಕ್ತನಾಳ ಎಲ್ಲ ಸುಟ್ಟುಹೋಗಿತ್ತು. ಈಗ ನೋಡಿ, ಡ್ಯೂಟಿಗೂ ಹೋಗ್ತಿದೀನಿ."

ಸ್ಕಾರ್ಫು ಸರಿದಿತ್ತು. ಕಿವಿಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಂಟು ಅವನಿಗೆ ಕಂಡಿತು. ಅವಳು ಬೇಗನೆ ಮುಚ್ಚಿಕೊಂಡಳು.

ಹಿಂದೆಯೇ ನಿಂತಿದ್ದ ಭಾವಮೈದನನ್ನು ಇಬ್ಬರೂ ಗಮನಿಸಿರಲಿಲ್ಲ.

"ಭಾವ," ಅಂದ ಅವನು. "ಕದ್ದಿದ್ರಾ? ಅಕ್ಕನಿಗೆ ತಂದು ಕೊಟ್ಟಿದ್ರಾ?"

ಆ ದೊಡ್ಡ ಆಳು ಸಿಮೆಂಟಿನ ಮೇಲೆ ಮಂಡಿಯೂರಿ ಭಾವನ ಎರಡೂ ಕಾಲು ತಬ್ಬಿಕೊಂಡ. ಬೆಳಿಗ್ಗೆ ಹೊಡೆದ ಕೈಯಿಂದ ತನ್ನ ಬಾಯಿಗೆ ತಾನೇ ಬಡಿದುಕೊಂಡ, ತುಟಿ ಸೀಳುವವರೆಗೆ. "ಮೆಟ್ಟಿಲ ಮೇಲೆ ಹೊಡೆದೆನಲ್ಲ! ಒಂದು ಮಾತು ಹೇಳ್ಬಾರ್ದಾಗಿತ್ತಾ ಭಾವ? ಯಾಕೆ ಹೊಡೆಸ್ಕೊಂಡ್ರಿ?"

ಪ್ಲಂಬರ್ ಅಳುತ್ತಿದ್ದ. ಕಂಡಕ್ಟರ್ ಅಳುತ್ತಿದ್ದಳು. ಇಲ್ಲಿಗೆ ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಮಾತ್ರೆ ಮುಗಿಯಿತು ತಾಯಿ, ಇನ್ನು ಸಿಗುವುದಿಲ್ಲ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಸಾಯುವವರೆಗೆ ಒಳ್ಳೆಯವನಾಗಿ ಬದುಕಬಹುದಿತ್ತು.

"ಮುಗೀತಮ್ಮ," ಅಂದ. "ಇನ್ನು ಸಿಗಲ್ಲ."

"ಪರವಾಗಿಲ್ಲ ಸಾರ್." ಕಂಡಕ್ಟರ್ ಮೂಗು ಸೆಳೆದುಕೊಂಡಳು. "ಇರೋದನ್ನೇ ಅರ್ಧ ಅರ್ಧ ಮುರ್ಕೊಂಡು ತಗೋತೀನಿ. ಹೆಂಗೋ ತಳ್ತೀನಿ. ಆ ಡ್ರಿಪ್‌ಗಂತೂ ಸತ್ರೂ ವಾಪಸ್ ಹೋಗಲ್ಲ."

ಕುಲುಮೆಯ ಒಳಗೆ ಏನೋ ಸಿಡಿದ ಸದ್ದಾಯಿತು.

"ಮುರೀಬೇಡಿ," ಅಂದ ಸ್ಟೋರ್ ಕೀಪರ್. "ಇಲ್ಲ, ಮುರಿದು ನೋಡಿ. ಒಂದು ಮುರಿದು ನೋಡಿ. ಒಳಗೆ ಬೆಳ್ಳಗಿರುತ್ತೆ. ಹಳದಿ ಇರ್ಬೇಕಾಗಿತ್ತು. ಅದು ಮೆಷಿನ್ ಟ್ರಯಲ್‌ದು, ಔಷಧಿ ಅಲ್ಲ. ಸುಣ್ಣ. ನಾನು ತಪ್ಪು ರಾಶಿಯಿಂದ ತೆಗೆದೆ. ನೀವು ಇವತ್ತೇ ಆಸ್ಪತ್ರೆಗೆ ಹೋಗಿ, ಡ್ರಿಪ್ ಹಾಕಿಸ್ಕೊಳ್ಳಿ. ನಿಮ್ಮ ಕತ್ತಲ್ಲಿ ಗಂಟಿದೆ."

ಕಂಡಕ್ಟರ್ ಟಿಕೆಟ್ ಚೀಲದಿಂದ ಸ್ಟ್ರಿಪ್ ತೆಗೆದು ಒಂದು ಮಾತ್ರೆ ಒತ್ತಿ, ಹಲ್ಲಿನಲ್ಲಿ ಕಡಿದು, ಅಂಗೈಗೆ ಉಗುಳಿ ನೋಡಿದಳು. ಬೆಳ್ಳಗಿತ್ತು.

"ಯಾವಾಗ ಗೊತ್ತಾಯ್ತು?"

"ಇಪ್ಪತ್ತೆರಡು ದಿನ ಆಯ್ತು."

"ಅವ್ರಿಗೆ ಹೇಳಿದ್ರಾ?"

"ಇಲ್ಲ."

"ಆಮೇಲೂ ಕೊಟ್ರಾ?"

"ಕೊಟ್ಟೆ."

ಕಾಲು ತಬ್ಬಿದ್ದ ತೋಳುಗಳು ಬಿಗಿದವು, ಎಳೆದವು. ಸ್ಟೋರ್ ಕೀಪರ್ ಬೆಂಚಿನಿಂದ ಬಿದ್ದ. ಹಿಂದಲೆ ಸಿಮೆಂಟಿಗೆ ಬಡಿದು ಕಣ್ಣು ಕತ್ತಲಿಟ್ಟಿತು. ಭಾವಮೈದ ಅವನ ಎದೆಯ ಮೇಲೆ ಕೂತು ಮುಷ್ಟಿ ಎತ್ತಿದ. ಆದರೆ ಆ ಕೈಯನ್ನು ಹಿಡಿದವಳು ಕಂಡಕ್ಟರ್.

"ತಲೆ ಹಿಡೀರಿ," ಅಂದಳು. ತುಂಬಿದ ಬಸ್ಸಿನಲ್ಲಿ ಜನರನ್ನು ಒಳಗೆ ಸರಿಸುವವಳ ದನಿ. "ಅಲುಗಾಡದ ಹಂಗೆ ಹಿಡೀರಿ."

ಭಾವಮೈದ ಕೂದಲು ಹಿಡಿದು ತಲೆಯನ್ನು ಹಿಂದಕ್ಕೆ ಬಗ್ಗಿಸಿದ. ಅವಳು ಸ್ಟೋರ್ ಕೀಪರನ ದವಡೆಯನ್ನು ಹೆಬ್ಬೆರಳಿನಿಂದ ಒತ್ತಿ ಬಾಯಿ ತೆರೆಸಿದಳು. ಒಂದೊಂದಾಗಿ ಮಾತ್ರೆ ಒತ್ತಿ ತೆಗೆದು ನಾಲಿಗೆಯ ಮೇಲಿಟ್ಟು ಬೆರಳಿನಿಂದ ಗಂಟಲಿಗೆ ತುರುಕಿದಳು. "ನುಂಗಿ." ಇನ್ನೊಂದು. "ನುಂಗಿ." ಅವನು ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಆದರೆ ಹಲ್ಲು ಕಚ್ಚಲಿಲ್ಲ. ಅವಳ ಬೆರಳಿಗೆ ಗಾಯವಾಗಬಾರದೆಂದು ಬಾಯನ್ನು ತಾನೇ ಅಗಲಿಸಿದ. ಎರಡೂ ಸ್ಟ್ರಿಪ್ ಖಾಲಿಯಾದವು. ಕೊನೆಯವು ಗಂಟಲಿಗಿಳಿಯದೆ ಬಾಯಲ್ಲೇ ಮುದ್ದೆಯಾದವು.

"ಹೆದರ್ಬೇಡಿ," ಅಂದಳು ಎದ್ದು ನಿಂತು. "ಏನೂ ಆಗಲ್ಲ ನಿಮಗೆ."

ಭಾವಮೈದ ಅವಳ ತೋಳು ಹಿಡಿದುಕೊಂಡ.

"ಬಾರಕ್ಕ," ಅಂದ. "ಆಸ್ಪತ್ರೆ ಮುಚ್ಚೋಕೆ ಇನ್ನೂ ಎರಡು ಗಂಟೆ ಇದೆ." ಅಕ್ಕನನ್ನು ತಂದ ವ್ಯಾನಿನ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿದ. ಪ್ಲಂಬರ್ ಒಂದು ಸಲ ಹಿಂತಿರುಗಿ ನೋಡಿ, ಏನೂ ತೋಚದೆ, ಅವರ ಜೊತೆಗೇ ಹತ್ತಿದ. ವ್ಯಾನು ಗೇಟು ದಾಟಿ ಹೋಯಿತು. ಆಪರೇಟರ್ ಆಗಲೇ ಎಲ್ಲೋ ಮಾಯವಾಗಿದ್ದ.

ಸ್ಟೋರ್ ಕೀಪರ್ ಗೋಡೆ ಹಿಡಿದು ಎದ್ದ. ಗಲ್ಲದ ಮೇಲೆ ಗುಲಾಬಿ ಬಣ್ಣದ ಎಂಜಲು ಇಳಿದಿತ್ತು. ಒಳಗಿನ ಬಾಗಿಲು ತೆರೆದು, ಮಸಿ ಮೆತ್ತಿದ ಕೈಗವುಸು ಹಾಕಿಕೊಂಡ ಕುಲುಮೆಯವನು ಹೊರಗೆ ಬಂದು ಖಾಲಿ ಅಂಗಳವನ್ನು ನೋಡಿದ.

"ನಾಲ್ಕನೇ ನಂಬರಿನೋರು ಯಾರು?"

ಸ್ಟೋರ್ ಕೀಪರ್ ಕೈ ಎತ್ತಿದ.

"ನೀವೊಬ್ರೇನಾ? ಸರಿ, ಬನ್ನಿ. ಬರ್ಕೋಬೇಕು." ಅವನು ಕೈಗವುಸು ಕಳಚಿ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದ. "ಅವ್ರು ನಿಮಗೇನಾಗ್ಬೇಕು?"

ಸ್ಟೋರ್ ಕೀಪರ್ ಬಾಯಿ ತೆರೆದ. ನಾಲಿಗೆ ಮೇಲ್ದವಡೆಗೆ ಅಂಟಿಕೊಂಡಿತ್ತು. ಕುಲುಮೆಯವನು ಪೆನ್ಸಿಲ್ ಹಿಡಿದು ಕಾಯುತ್ತ ನಿಂತ, ಸ್ಟೋರ್ ಕೀಪರನ ಬಾಯಿಂದ ಅವನ ಅಂಗಿಯ ಮುಂಭಾಗದ ಮೇಲೆ ಬಿಳಿ ಹಿಟ್ಟು ಉದುರುತ್ತಿತ್ತು.